ಖಾಯಂ ಲೀಗಿನ ಇಪ್ಪತ್ತನಾಲ್ಕು ನಿಯಮಗಳು

ಯೋಗನರಸಿಂಹ ಜೀವಮಾನದಲ್ಲಿ ಒಂದು ಸಲವೂ ಫುಟ್‌ಬಾಲ್ ಒದ್ದವನಲ್ಲ. ಫುಟ್‌ಬಾಲೇ ಒಂದು ಸಲ ಅವನನ್ನು ಒದ್ದಿತ್ತು. ಶಿಡ್ಲಘಟ್ಟದಲ್ಲಿ ಮೈದಾನದ ಕಾಂಪೌಂಡಿಗೆ ಅಂಟಿಕೊಂಡಂತೆ ಅವನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟು. ಒಂದು ಸಂಜೆ ಕಿಟಕಿಯಿಂದ ಹಾರಿ ಬಂದ ಚೆಂಡು ಅವನ ಕಿವಿಗೆ ಬಡಿದು, ಕನ್ನಡ ಟೈಪ್‌ರೈಟರಿನ ಮೇಲೆ ಬಿದ್ದು, ಅದರ ಗಂಟೆ ಬಾರಿಸಿ, ಬಾಗಿಲಿನಿಂದ ಮರ್ಯಾದೆಯಾಗಿ ಹೊರಗೆ ಹೋಯಿತು. ಅಂದಿನಿಂದ ತಾನು ಫುಟ್‌ಬಾಲ್ ಬಲ್ಲವನು ಎಂದು ಅವನು ತೀರ್ಮಾನಿಸಿಬಿಟ್ಟ.

ನಾನು ಅವನ ಪಕ್ಕದ ಮನೆಯವನು. ಎರಡು ಮನೆಗೂ ಒಂದೇ ಗೋಡೆ, ಅದೂ ತೆಳ್ಳಗಿನದು. ಆದ್ದರಿಂದ ಈ ಕಥೆಯಲ್ಲಿ ನಾನು ಕಣ್ಣಾರೆ ಕಂಡಿದ್ದಕ್ಕಿಂತ ಕಿವಿಯಾರೆ ಕೇಳಿದ್ದೇ ಹೆಚ್ಚು. ಸುಳ್ಳಂತೂ ಹೇಳುವುದಿಲ್ಲ.

ಆ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ವಿಶ್ವಕಪ್ ಮುಗಿದು ಒಂದು ತಿಂಗಳಾಗಿತ್ತು. ರೇಷ್ಮೆ ಗೂಡಿನ ಮಾರುಕಟ್ಟೆಯ ಎದುರಿನ ಮೆಹಬೂಬ್ ಪಾಷಾ ಅವರ ಟೀ ಅಂಗಡಿಯಲ್ಲಿ ಮಾತ್ರ ಅದಿನ್ನೂ ಮುಗಿದಿರಲಿಲ್ಲ. ಬ್ರೆಜಿಲ್ ಕಡೆಯವರು ಎಡಗಡೆಯ ಬೆಂಚಿನಲ್ಲಿ, ಫ್ರಾನ್ಸ್ ಕಡೆಯವರು ಬಲಗಡೆಯ ಬೆಂಚಿನಲ್ಲಿ ಕೂತು, ರೇಷ್ಮೆ ಗೂಡಿನ ಹರಾಜು ಮುಗಿಯುವವರೆಗೆ ಜಗಳವಾಡುತ್ತಿದ್ದರು. ಯೋಗನರಸಿಂಹ ಯಾವ ಬೆಂಚಿನಲ್ಲೂ ಕೂರುತ್ತಿರಲಿಲ್ಲ. ಕಂಬಕ್ಕೆ ಒರಗಿ ನಿಂತು ಇಂಗ್ಲಿಷ್ ಪೇಪರು ಓದಿ ಎಲ್ಲರಿಗೂ ಅರ್ಥ ಹೇಳುತ್ತಿದ್ದ. ಬೇರೆ ಯಾರೂ ಇಂಗ್ಲಿಷ್ ಪೇಪರು ಓದುತ್ತಿರಲಿಲ್ಲವಾದ್ದರಿಂದ ಅವನು ಹೇಳಿದ್ದೇ ಅರ್ಥ.

"ಯೂರೋಪಲ್ಲಿ ದೊಡ್ಡ ದೊಡ್ಡ ಕ್ಲಬ್‌ಗಳೆಲ್ಲ ಸೇರ್ಕೊಂಡು ತಮ್ಮದೇ ಬೇರೆ ಲೀಗ್ ಮಾಡ್ಕೋತಾರಂತೆ" ಎಂದ ಒಂದು ಬೆಳಿಗ್ಗೆ. "ಸಣ್ಣಪುಟ್ಟೋರಿಗೆ ಒಳಗೆ ಜಾಗ ಇಲ್ಲ. ದೊಡ್ಡೋರು ಆಚೆಗೂ ಹೋಗಲ್ಲ."

ಬಲಬೆಂಚಿನ ತುದಿಯಲ್ಲಿದ್ದ ಗೌಸ್ ಪೀರ್ ಸಾಬರು ಟೀ ಲೋಟ ಕೆಳಗಿಟ್ಟರು. ಇವರು ರೇಷ್ಮೆ ನೂಲು ತೆಗೆಯುವ ಯೂನಿಟ್ಟಿನ ಮಾಲೀಕರು, ನಮ್ಮೂರಿನ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು, ಬಾಯಲ್ಲಿ ಸದಾ ವೀಳ್ಯ.

"ಅಂದ್ರೆ ಸೋತ್ರೂ ಹೊರಗೆ ಹಾಕಲ್ವಾ?"

"ಹಾಕಲ್ಲ."

"ಹತ್ತು ವರ್ಷ ಸೋತ್ರೂ?"

"ನೂರು ವರ್ಷ ಸೋತ್ರೂ ಅಷ್ಟೆ. ಖಾಯಂ. ಸರ್ಕಾರಿ ಕೆಲಸ ಇದ್ದಂಗೆ ಗೌಸ್ ಭಾಯ್. ಒಂದ್ಸಲ ಒಳಗೆ ಹೋದ್ರೆ ಪೆನ್ಷನ್ ಟೈಮಿಗೇ ಆಚೆ ಬರೋದು."

ಗೌಸ್ ಪೀರರ ಮುಖದಲ್ಲಿ ಅಂಥ ಶಾಂತಿಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅದಕ್ಕೆ ಕಾರಣವಿತ್ತು. ನಮ್ಮ ಕಡೆ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ನಾಲ್ಕು ತಾಲ್ಲೂಕಿನ ಕಪ್ ಎಂದು ನಡೆಯುತ್ತದೆ. ಹನ್ನೊಂದು ಜನ ಸಿಕ್ಕರೆ ಯಾವ ಹಳ್ಳಿಯಾದರೂ ಬರಬಹುದು. ನಂದಿಯವರು ಬರುತ್ತಾರೆ, ವಿದುರಾಶ್ವತ್ಥದವರು ಬರುತ್ತಾರೆ. ಹಿಂದಿನ ವರ್ಷ ಸಾದಲಿ ಎಂಬ ಹೋಬಳಿ ಊರಿನವರು, ಅರ್ಧ ಜನ ಬರಿಗಾಲಲ್ಲಿ ಬಂದು, ಗೌಸ್ ಪೀರರ ಬೂಟುಧಾರಿಗಳನ್ನು ಮೊದಲ ಪಂದ್ಯದಲ್ಲೇ ಸೋಲಿಸಿ ಮನೆಗೆ ಕಳಿಸಿದ್ದರು. ಗೌಸ್ ಪೀರ್ ಮರುವಾರವೇ ಸಾದಲಿಯ ಒಳ್ಳೊಳ್ಳೆಯ ನಾಲ್ವರಿಗೆ ತಮ್ಮ ಯೂನಿಟ್ಟಿನಲ್ಲಿ ಕೆಲಸ, ಕಾಲಿಗೆ ಬೂಟು ಕೊಡಿಸಿ ನಮ್ಮ ಕ್ಲಬ್ಬಿಗೆ ಸೇರಿಸಿಕೊಂಡರು. ಆದರೂ ಅವರಿಗೆ ನಿದ್ದೆ ಬಂದಿರಲಿಲ್ಲ. ನಾಲ್ವರನ್ನು ತೆಗೆದರೆ ಹಳ್ಳಿಯಲ್ಲಿ ಇನ್ನು ನಾಲ್ವರು ಹುಟ್ಟಿಕೊಳ್ಳುತ್ತಾರೆ, ಅದೇ ಹಳ್ಳಿಗಳ ಕೆಟ್ಟ ಗುಣ.

"ನಾವೂ ಹಂಗೇ ಮಾಡಣ" ಎಂದರು ಗೌಸ್ ಪೀರ್. "ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು. ನಾಲ್ಕೇ ಟೀಮು. ಖಾಯಂ. ರೇಷ್ಮೆ ಹುಳ ಸಾಕೋ ಮನೇಲಿ ಹೊರಗಿನೋರ್ನ ಬಿಡ್ತಾರಾ? ಬಾಗಿಲು ಹಾಕಿದ್ರೇನೇ ಬೆಳೆ."

"ಗೂಡು ಕಟ್ಟಿದ್ಮೇಲೆ ಮಾರ್ಕೆಟ್ಟಿಗೆ ತರಲೇಬೇಕಲ್ಲ ಭಾಯ್" ಎಂದರು ಪಾಷಾ, ಹಾಲು ಎತ್ತಿ ಸುರಿಯುತ್ತ. "ಅಲ್ಲಿ ಬಾಗಿಲು ತೆಗ್ದೇ ಇರತ್ತೆ. ಸೋಲೋ ಭಯಾನೇ ಇಲ್ಲ ಅಂದ್ಮೇಲೆ ಗೆದ್ರೆ ಏನು ಖುಷಿ?"

"ನೀನು ಟೀ ಮಾಡಪ್ಪ."

ಅಲ್ಲಿಗೆ ಬ್ರೆಜಿಲ್, ಫ್ರಾನ್ಸ್ ಎರಡೂ ಮಾಯವಾಗಿ, ಎಡಬೆಂಚು ಖಾಯಂ ಬೇಡವೆಂದೂ ಬಲಬೆಂಚು ಬೇಕೆಂದೂ ಕೂಗಾಡತೊಡಗಿದವು. ಗೌಸ್ ಪೀರ್ ಯೋಗನರಸಿಂಹನ ಹೆಗಲ ಮೇಲೆ ಕೈ ಹಾಕಿದರು. "ಯೋಗಣ್ಣ, ಇದಕ್ಕೆಲ್ಲ ತಿಳ್ದೋರು ಬೇಕು. ನೀವೇ ಪ್ರಧಾನ ಕಾರ್ಯದರ್ಶಿ. ಗೋಡೆ ಪೋಸ್ಟರಲ್ಲಿ ನಿಮ್ಮ ಹೆಸರು ಬರತ್ತೆ, ದಪ್ಪಕ್ಷರದಲ್ಲಿ."

ದಪ್ಪಕ್ಷರ ಎಂದದ್ದೇ ತಡ, ನನ್ನ ಗೆಳೆಯ ಕರಗಿಹೋದ. ಹದಿನೆಂಟು ವರ್ಷ ಬೇರೆಯವರ ಹೆಸರನ್ನೇ ಟೈಪು ಮಾಡಿದವನ ಸಂಕಟ ನಮಗೆ ನಿಮಗೆ ಅರ್ಥವಾಗುವಂಥದ್ದಲ್ಲ.

ಸ್ಥಾಪನಾ ಸಭೆ ಅವನ ಇನ್‌ಸ್ಟಿಟ್ಯೂಟಿನಲ್ಲೇ ನಡೆಯಿತು. ಚಿಂತಾಮಣಿಯಿಂದ ಮಂಡಿ ಕೋನಪ್ಪನವರು, ಗೌರಿಬಿದನೂರಿನಿಂದ ಗಂಗುಲಪ್ಪನವರು, ಚಿಕ್ಕಬಳ್ಳಾಪುರದಿಂದ ಒಬ್ಬ ಲಾಡ್ಜಿನ ಮಾಲೀಕರು ಬಂದರು. ಕುರ್ಚಿಗಳೆಲ್ಲ ಟೈಪ್‌ರೈಟರುಗಳ ಮುಂದೆಯೇ ಇದ್ದುದರಿಂದ ನಾಲ್ವರು ಗಣ್ಯರೂ ಪರೀಕ್ಷೆಗೆ ಕೂತವರಂತೆ ಸಾಲಾಗಿ ಕೂತರು. ಯಾರು ಹೆಚ್ಚು ದೊಡ್ಡವರೆಂಬ ಚರ್ಚೆ ಒಂದೂವರೆ ಗಂಟೆ ನಡೆಯಿತು. ಲಾಡ್ಜಿನವರು ತಮ್ಮೂರಿನಿಂದ ಬೆಂಗಳೂರು ಎಷ್ಟು ಹತ್ತಿರ ಎಂದು ಹೇಳಿದರು. ಗಂಗುಲಪ್ಪನವರು ತಮ್ಮೂರಿನ ಕಾರ್ಖಾನೆ ಸೈರನ್ನು ಎಷ್ಟು ದೂರ ಕೇಳುತ್ತದೆ ಎಂದು ಹೇಳಿ, ಬಾಯಲ್ಲೇ ಊದಿ ತೋರಿಸಿದರು.

ತೆಲುಗು ಬೆರೆಸಿ ಮಾತಾಡುವ ಕೋನಪ್ಪನವರಿಗೆ ಒಂದು ಅನುಮಾನ. "ಏಮಪ್ಪಾ ಸೆಕ್ರೆಟ್ರಿ, ನಾಲ್ಕೂ ಟೀಮು ದೊಡ್ಡದೇ. ಒಂದಾದ್ರೂ ಕೊನೇಲಿ ಬರ್ಬೇಕಲ್ಲ? ಅದ್ಯಾರು?"

ಉಳಿದ ಮೂವರೂ ಮುಂದಿದ್ದ ಟೈಪ್‌ರೈಟರಿನ ಕೀಲಿಗಳನ್ನು ಒತ್ತಿ ನೋಡತೊಡಗಿದರು. ಟೀ ಹಂಚುತ್ತಿದ್ದ ಪಾಷಾ ಮಾತ್ರ "ಕಪ್ ನಾಲ್ಕು ಮಾಡಿಸ್ಬಿಡಿ" ಎಂದರು. ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಲಾಯಿತು. ಖಾಯಂ ಲೀಗಿನಿಂದ ಹೊರಗೆ ಬಿದ್ದ ಮೊದಲ ವ್ಯಕ್ತಿ ಮೆಹಬೂಬ್ ಪಾಷಾ.

ಕೊನೆಗೆ ಗೌಸ್ ಪೀರ್ ಹೇಳಿದರು: "ರೂಲ್ಸು ಬೇಕು. ಗಟ್ಟಿಯಾಗಿರ್ಬೇಕು, ಸರ್ಕಾರದ್ದು ಇದ್ದಂಗೆ. ನಾಳೆ ಸಂಜೆಗೆ ರೆಡಿ ಮಾಡಿ."

ಯೋಗನರಸಿಂಹ ಟೈಪ್‌ರೈಟರಿಗೆ ಹಾಳೆ ಏರಿಸಿ, 'ನಿಯಮ ಒಂದು' ಎಂದು ಹೊಡೆದು, ಕೂತ. ಮರುದಿನ ಮಧ್ಯಾಹ್ನದವರೆಗೂ ಕೂತೇ ಇದ್ದ. ಫುಟ್‌ಬಾಲಿನ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲವೆಂಬ ಸತ್ಯ ಅವನಿಗೇ ಮೊದಲ ಸಲ ತಿಳಿದದ್ದು ಆಗ. ಬೆವರು ಒರೆಸಿಕೊಳ್ಳಲು ಏನಾದರೂ ಸಿಗಬಹುದೇ ಎಂದು ಡ್ರಾಯರು ಎಳೆದ. ಅದರಲ್ಲಿ ಒಂದು ಹಳೆಯ ಕಾರ್ಬನ್ ಪ್ರತಿ ಇತ್ತು. ರೇಷ್ಮೆ ಗೂಡನ್ನು ಮಾರಾಟಕ್ಕೆ ತರುವ ರೈತರಿಗೆಂದು ಯಾವಾಗಲೋ ಟೈಪು ಮಾಡಿಕೊಟ್ಟಿದ್ದ ಸೂಚನೆಗಳು. ಎಣಿಸಿದ. ಇಪ್ಪತ್ತನಾಲ್ಕು. ಹೆಚ್ಚಿನವು 'ತಕ್ಕದ್ದು', 'ತಕ್ಕದ್ದಲ್ಲ' ಎಂದು ಮುಗಿಯುತ್ತಿದ್ದವು. ಇದಕ್ಕಿಂತ ಗಟ್ಟಿ ರೂಲ್ಸು ಈ ಭೂಮಿಯ ಮೇಲೆ ಎಲ್ಲಿದೆ?

ಗೂಡು ಎಂದಿದ್ದಲ್ಲೆಲ್ಲ ಆಟಗಾರ ಎಂದು ಮಾಡಿದ. ಗೂಡಿನ ರಾಶಿ ಎಂದಿದ್ದಲ್ಲಿ ತಂಡ. ಮಾರುಕಟ್ಟೆಗೆ ಮೈದಾನ. ಅಧಿಕಾರಿಗೆ ರೆಫರಿ. ಗೋಣಿಚೀಲ ಎಂಬಲ್ಲಿ ಬಂದು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ವಾಹನ ಎಂದು ಹೊಡೆದು ತನ್ನ ಬುದ್ಧಿಗೆ ತಾನೇ ತಲೆದೂಗಿದ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ಸಂಜೆ ನಾಲ್ವರೂ ಸಹಿ ಹಾಕಿದರು. ಓದಿದರಾ ಎಂದು ನೀವು ಕೇಳಬಹುದು. ನಮ್ಮ ಕಡೆ ಟೈಪು ಮಾಡಿದ ಕಾಗದವನ್ನು ಮುಂದಿಟ್ಟರೆ ಕೇಳುವ ಪ್ರಶ್ನೆ ಒಂದೇ: "ಎಲ್ಲಿ ಹಾಕ್ಬೇಕು?"

ಪೋಸ್ಟರು ಅಚ್ಚಾಗಿ ಬಂತು. ಮೇಲೆ 'ಖಾಯಂ ಲೀಗ್', ಕೆಳಗೆ ದಪ್ಪಕ್ಷರದಲ್ಲಿ ಯೋಗನರಸಿಂಹ, ಅದರ ಕೆಳಗೆ ಇರುವೆ ಸಾಲಿನಂತೆ ಇಪ್ಪತ್ತನಾಲ್ಕು ನಿಯಮಗಳು. ಅವನು ಒಂದನ್ನು ತಂದು ಮನೆಯ ನಡುಗೋಡೆಗೆ ಅಂಟಿಸಿದ. ಆ ಗೋಡೆಯ ಈಚೆಗೆ ನಾನಿದ್ದೆ.

"ಸಾದಲಿ ಎಲ್ಲಿ?" ಅದು ಜಾನಕಮ್ಮನ, ಅಂದರೆ ಅವನ ಹೆಂಡತಿಯ ಧ್ವನಿ.

"ಯಾವ ಸಾದಲಿ?" ಎಂದ, ಈ ಸೀಮೆಯಲ್ಲಿ ಏಳೆಂಟು ಸಾದಲಿ ಇದ್ದ ಹಾಗೆ.

"ನಾನು ಹುಟ್ಟಿದ್ನಲ್ಲ, ಆ ಸಾದಲಿ. ನಮ್ಮಪ್ಪ ಮೂವತ್ತು ವರ್ಷದಿಂದ ಟೀಮು ಕಟ್ಟಿದಾರಲ್ಲ, ಆ ಸಾದಲಿ. ನಿಮಗೆ ಪ್ರತಿ ವರ್ಷ ಅವರೆಕಾಯಿ ಬರತ್ತಲ್ಲ, ಆ ಸಾದಲಿ."

"ಜಾನು, ಇದು ಆಡಳಿತದ ವಿಷಯ..."

"ನಮ್ಮಪ್ಪನಿಗೆ ಈ ಟೀಮು ಬಿಟ್ರೆ ಇನ್ನೇನಿದೆ ರೀ? ಅಮ್ಮ ಹೋದ್ಮೇಲೆ ಅವರು ಬೆಳಗಾಗೆದ್ದು ಬರೋದು ಆ ಹುಡುಗ್ರಿಗೋಸ್ಕರ. ನಾಲ್ಕು ಜನಾನ ಕಿತ್ಕೊಂಡಿದ್ದು ಸಾಲ್ದು ಅಂತ ಬಾಗಿಲೂ ಹಾಕ್ತೀರಾ?" ಟ್ರಂಕಿನ ಮುಚ್ಚಳದ ಸದ್ದು ಕೇಳಿಸಿತು. "ಸಾದಲಿ ಆ ಮೈದಾನಕ್ಕೆ ಇಳಿದ ದಿನ ನಾನು ಈ ಮನೆಗೆ ಬರ್ತೀನಿ. ಅಲ್ಲೀವರೆಗೆ ಅನ್ನ ಸಾರು ನೀವೇ ಟೈಪ್ ಮಾಡ್ಕೊಳ್ಳಿ."

ನಾಲ್ಕು ಗಂಟೆಯ ಬಸ್ಸಿಗೆ ಅವರು ಹೊರಟೇಬಿಟ್ಟರು. ಲೀಗಿನ ಮೊದಲ ಪಂದ್ಯಕ್ಕೆ ಇನ್ನೂ ಮೂರು ವಾರವಿತ್ತು. ಆ ಮೂರು ವಾರ ಪ್ರಧಾನ ಕಾರ್ಯದರ್ಶಿಗಳು ನಮ್ಮ ಮನೆಯಲ್ಲೇ ಊಟ ಮಾಡಿದರು. ನನ್ನ ಹೆಂಡತಿ ಪದ್ಮಮ್ಮ ಬಡಿಸುವಾಗಲೆಲ್ಲ "ಖಾಯಂ ಆಗಿ ಇಲ್ಲೇನಾ?" ಎಂದು ಕೇಳುತ್ತಿದ್ದಳು. ಅವನು ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಜಾನಕಮ್ಮನಿಲ್ಲದೆ ಅವನು ನಿಜವಾಗಿ ಸೊರಗಿದ. ಹೆಂಡತಿ ಬೇಕು, ದಪ್ಪಕ್ಷರವೂ ಬೇಕು, ಎರಡರಲ್ಲಿ ಯಾವುದನ್ನು ಬಿಡುವುದೆಂದು ತಿಳಿಯದೆ ಒದ್ದಾಡುತ್ತಿದ್ದ.

ಪಂದ್ಯಕ್ಕೆ ಒಂದು ವಾರ ಇರುವಾಗ ದೊಡ್ಡ ತೊಡಕು ಕಾಣಿಸಿತು. ರೆಫರಿ ಇಲ್ಲ. ನಾಲ್ಕು ತಾಲ್ಲೂಕಿಗೂ ಇದ್ದ ರೆಫರಿ ಒಬ್ಬರೇ. ಅವರು ಸಾದಲಿಯ ನಿವೃತ್ತ ಹೆಡ್‌ಮಾಸ್ಟರ್ ಪುಟ್ಟಸ್ವಾಮಯ್ಯ, ಅಂದರೆ ಯೋಗನರಸಿಂಹನ ಮಾವ. ಸೀಟಿ ಕೂಡ ಅವರ ಹತ್ತಿರವೇ ಇದ್ದದ್ದು. ಗೌಸ್ ಪೀರ್ ಮೇಷ್ಟ್ರಿಗೆ ಹೇಳಿಕಳಿಸಿದರು. ಬರುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದೆವು. ಮೇಷ್ಟ್ರು ಮರುದಿನವೇ ಕೊಡೆ ಹಿಡಿದು ಇನ್‌ಸ್ಟಿಟ್ಯೂಟಿಗೆ ಬಂದರು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ" ಎಂದರು ಗೌಸ್ ಪೀರ್. "ಸಾದಲಿ ಇಲ್ದಿದ್ರೂ ನೀವು ನಮ್ಮೋರೇ."

"ನನಗ್ಯಾಕೆ ಬೇಜಾರು ಸಾಬ್ರೇ" ಎಂದು ಮೇಷ್ಟ್ರು ಪೋಸ್ಟರನ್ನು ಮೇಜಿನ ಮೇಲೆ ಹರಡಿ, ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ಕನ್ನಡಕ ಏರಿಸಿ ಓದತೊಡಗಿದರು. ಆ ನಿಯಮಗಳನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವರೇ. ನಾಲ್ಕನೆಯದರ ಹತ್ತಿರ ಹುಬ್ಬು ಏರಿತು. ಆರರ ಹತ್ತಿರ ಕೆಮ್ಮಿದರು. ಹನ್ನೆರಡನ್ನು ಎರಡು ಸಲ ಓದಿದರು. ಹದಿನೇಳಕ್ಕೆ ಬಂದಾಗ ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಅದರ ಪಕ್ಕದಲ್ಲಿ ನೀಟಾಗಿ ಒಂದು ರೈಟ್ ಹಾಕಿದರು.

"ಅಳಿಯಂದ್ರೇ, ಇದನ್ನ ನೀವೇ ಬರೆದ್ರಾ?"

"ಹೌದು ಮಾವ."

"ಎಲ್ಲಾರೂ ಸಹಿ ಹಾಕಿದಾರೆ?"

"ನಾಲ್ಕೂ ಜನ."

"ಭಾಳ ಚೆನ್ನಾಗಿ ಬರೆದಿದೀರಿ."

ಮದುವೆಯಾದ ಹದಿನೆಂಟು ವರ್ಷದಲ್ಲಿ ಮಾವನ ಬಾಯಿಂದ ಬಂದ ಮೊದಲ ಶಹಭಾಸ್ ಅದು. ಯೋಗನರಸಿಂಹನ ಕಣ್ಣಲ್ಲಿ ನೀರೇ ಬಂತು.

"ನಾನು ರೆಫರಿ ಆಗ್ತೀನಿ" ಎಂದರು ಮೇಷ್ಟ್ರು ಗೌಸ್ ಪೀರ್ ಕಡೆ ತಿರುಗಿ. "ಒಂದೇ ಷರತ್ತು. ಇಲ್ಲಿ ಅಚ್ಚಾಗಿರೋ ಪ್ರಕಾರಾನೇ ನಡೀಬೇಕು. ಒಂದಕ್ಷರ ಆಚೀಚೆ ಆಗ್ಬಾರ್ದು."

"ಅದೇ ನಮಗೂ ಬೇಕಾಗಿರೋದು ಮೇಷ್ಟ್ರೇ!"

ಪಂದ್ಯದ ದಿನ ಬೆಳಿಗ್ಗೆ ಸೋನೆ ಹನಿದು ನಿಂತಿತ್ತು. ಮೈದಾನದಲ್ಲಿ ಎಂದೂ ಕಾಣದಷ್ಟು ಜನ. ಹಳ್ಳಿಗಳವರು ಬರಬಾರದು ಎಂದು ಹೇಳಿದ ಮೇಲಂತೂ ಹಳ್ಳಿಗಳೆಲ್ಲ ಬಂದಿದ್ದವು. ಸಾದಲಿ ಬಸ್ಸಿನಿಂದ ಆ ಊರಿನ ಹುಡುಗರ ಹಿಂದೆ ಜಾನಕಮ್ಮ ಇಳಿದರು, ಕಂಕುಳಲ್ಲಿ ಒಂದು ದೊಡ್ಡ ಬಟ್ಟೆಗಂಟು. ಗಂಡನ ಕಡೆ ತಿರುಗಿಯೂ ನೋಡದೆ ಹೋಗಿ ಹುಸೇನ್ ಸಾಬರ ಪಕ್ಕ ನಿಂತರು. ಹುಸೇನ್ ಸಾಬರು ಸಾದಲಿಯ ಗೋಲ್‌ಕೀಪರ್, ವಯಸ್ಸು ನಲವತ್ತಾರು. ಯೋಗನರಸಿಂಹ ಎದೆಯ ಮೇಲೆ ಅಂಗೈ ಅಗಲದ ಬ್ಯಾಡ್ಜು ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತಿದ್ದ. ಆ ಬ್ಯಾಡ್ಜು ಯಾಕೋ ಅವನಿಗೆ ಭಾರವಾದಂತಿತ್ತು.

ಮೇಷ್ಟ್ರು ಕುತ್ತಿಗೆಗೆ ಸೀಟಿ, ಕೈಯಲ್ಲಿ ಮಡಿಸಿದ ಪೋಸ್ಟರು ಹಿಡಿದು ಮೈದಾನದ ನಡುವೆ ನಿಂತರು.

ಮೊದಲು ಬಂದದ್ದು ಚಿಕ್ಕಬಳ್ಳಾಪುರದ ತಂಡ, ಲಾಡ್ಜಿನವರ ಒಂದೇ ಅಂಬಾಸಿಡರ್ ಕಾರಿನಲ್ಲಿ. ಬಾಗಿಲು ತೆಗೆದಾಗ ಮೂವರು ತಾವಾಗಿಯೇ ಕೆಳಗೆ ಬಿದ್ದರು. ಇನ್ನೊಬ್ಬನನ್ನು ಡಿಕ್ಕಿಯಿಂದ ತೆಗೆಯಬೇಕಾಯಿತು.

ಸೀಟಿ ಮೊಳಗಿತು. "ನಿಯಮ ನಾಲ್ಕು" ಎಂದು ಮೇಷ್ಟ್ರು ಗಟ್ಟಿಯಾಗಿ ಓದಿದರು. "ಆಟಗಾರರನ್ನು ವಾಹನದಲ್ಲಿ ಒತ್ತೊತ್ತಾಗಿ ತುಂಬಿ ತರತಕ್ಕದ್ದಲ್ಲ. ಹಾಗೆ ತಂದಲ್ಲಿ ಅವರನ್ನು ತೆಳುವಾಗಿ ಹರಡಿ, ಗಾಳಿಯಾಡಲು ಬಿಡತಕ್ಕದ್ದು."

"ಏನಂದ್ರೀ?" ಎಂದರು ಲಾಡ್ಜಿನವರು.

"ಹರಡಿ ಸ್ವಾಮಿ. ಅಲ್ಲೊಬ್ಬ, ಅಲ್ಲೊಬ್ಬ. ಮಾರು ಅಂತರ ಇರ್ಲಿ."

ಜನ ಮೊದಲು ಗುಸುಗುಸು ಎಂದರು. ಅರ್ಧದಷ್ಟು ಮಂದಿ ರೇಷ್ಮೆ ಬೆಳೆಯುವವರೇ. ಈ ಮಾತನ್ನು ಎಲ್ಲೋ ಕೇಳಿದ್ದೇವಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಷ್ಟರಲ್ಲಿ ಗೌರಿಬಿದನೂರಿನವರು ತೆರೆದ ಲಾರಿಯಲ್ಲಿ ಬಂದರು. ದಾರಿಯುದ್ದಕ್ಕೂ ಸೋನೆಯಲ್ಲಿ ನೆನೆದಿದ್ದರು. "ನಿಯಮ ಆರು. ಒದ್ದೆಯಾದ ಆಟಗಾರರನ್ನು ಸ್ವೀಕರಿಸಲಾಗುವುದಿಲ್ಲ. ಒಣಗಿಸಿ ತಂದಲ್ಲಿ ಪರಿಶೀಲಿಸಲಾಗುವುದು." ಗಂಗುಲಪ್ಪನವರ ಹನ್ನೊಂದು ಮಂದಿಯನ್ನು ಕಾಂಪೌಂಡು ಗೋಡೆಯ ಮೇಲೆ ಎಳೆಬಿಸಿಲಿಗೆ ಕೂರಿಸಲಾಯಿತು. ಗಂಗುಲಪ್ಪನವರು ಅವರ ಮುಂದೆ ಟವೆಲು ಬೀಸುತ್ತ ಓಡಾಡಿದರು.

ಚಿಂತಾಮಣಿಯ ಬಲವೆಲ್ಲ ಇದ್ದದ್ದು ನಲ್ಲಪ್ಪ, ಬಯ್ಯಪ್ಪ ಎಂಬ ಅವಳಿ ಅಣ್ಣತಮ್ಮಂದಿರ ಕಾಲಲ್ಲಿ. "ನಿಯಮ ಒಂಬತ್ತು. ಜೋಡಿ ಆಟಗಾರರನ್ನು ಮೊದಲೇ ಆರಿಸಿ ತೆಗೆದು ಬೇರೆ ಇಡತಕ್ಕದ್ದು."

"ಏಂದಿ ಸಾರ್ ಇದಿ!" ಎಂದು ಕೋನಪ್ಪನವರು ಬಾಯಿ ಬಾಯಿ ಬಡಿದುಕೊಂಡರು. "ಒಂದೇ ಹೊಟ್ಟೇಲಿ ಹುಟ್ಟಿದ್ದು ತಪ್ಪಾ?"

"ನನಗೇನು ಗೊತ್ತು? ನಿಮ್ಮ ಸಹಿ ಇದೆ ನೋಡಿ."

ಈಗ ರೇಷ್ಮೆಯವರಿಗೆಲ್ಲ ಅರ್ಥವಾಗಿತ್ತು. ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡನ್ನು ಅವರೂ ಹೀಗೇ ಆರಿಸಿ ತೆಗೆಯುತ್ತಿದ್ದರು. ಒಬ್ಬರು "ಮೇಷ್ಟ್ರೇ, ಕಲೆ ಬಿದ್ದ ಗೂಡನ್ನೂ ಬೇರೆ ಇಡ್ಬೇಕಲ್ಲ?" ಎಂದು ಕೂಗಿದರು. ಎಲ್ಲರ ಕಣ್ಣೂ ಗೌಸ್ ಪೀರರ ಬಿಳಿ ಷರಟಿನ ಮೇಲಿದ್ದ ವೀಳ್ಯದ ಕಲೆಗಳ ಕಡೆಗೆ ಹೋಯಿತು. "ಅದು ಹತ್ತನೇದು" ಎಂದರು ಮೇಷ್ಟ್ರು, "ಆಟಗಾರರಿಗೆ ಮಾತ್ರ. ಅಧ್ಯಕ್ಷರಿಗೆ ಅನ್ವಯಿಸಲ್ಲ." ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಸ್ ಪೀರ್ ಯೋಗನರಸಿಂಹನನ್ನು ನೋಡಿದ ನೋಟಕ್ಕೆ ಅವನ ಬ್ಯಾಡ್ಜು ತಾನಾಗಿಯೇ ಓರೆಯಾಯಿತು.

"ನಿಯಮ ಹನ್ನೆರಡು." ಮೇಷ್ಟ್ರ ಧ್ವನಿ ಈಗ ಬೇರೆಯಾಗಿತ್ತು. "ಆಟಗಾರರು ಯಾವ ಊರಿನಲ್ಲಿ ಬೆಳೆದವರೋ ಆ ಊರಿನ ಹೆಸರಿನಲ್ಲೇ ಬರತಕ್ಕದ್ದು. ಒಂದು ಊರಿನವರನ್ನು ಇನ್ನೊಂದು ಊರಿನವರೊಂದಿಗೆ ಬೆರೆಸತಕ್ಕದ್ದಲ್ಲ."

ಶಿಡ್ಲಘಟ್ಟದ ತಂಡ ಸಾಲಾಗಿ ನಿಂತಿತ್ತು. ಮೇಷ್ಟ್ರು ಮೊದಲನೆಯವನ ಮುಂದೆ ನಿಂತರು. "ನೀನು ಬೆಳೆದದ್ದೆಲ್ಲಪ್ಪ?"

ಅವನು ತಲೆ ತಗ್ಗಿಸಿದ. "ನಿಮ್ಮ ಕಣ್ಮುಂದೇನೆ ಅಲ್ವಾ ಮೇಷ್ಟ್ರೇ. ಸಾದಲೀಲಿ."

"ಆ ಕಡೆ ಹೋಗಿ ನಿಂತ್ಕೋ ಮಗಾ."

ಎರಡನೆಯವನೂ ಸಾದಲಿ. ಮೂರನೆಯವನೂ, ನಾಲ್ಕನೆಯವನೂ. ಇಬ್ಬರು ನಂದಿಯವರು, ಇಬ್ಬರು ವಿದುರಾಶ್ವತ್ಥದವರು. ಎಂಟು ಜನ ಹೋದ ಮೇಲೆ ನಮ್ಮೂರಿನ ಸಾಲಿನಲ್ಲಿ ಉಳಿದವರು ಮೂರೇ ಮಂದಿ. ಅವರಲ್ಲಿ ಒಬ್ಬನಿಗೆ ಕಾಲು ಉಳುಕಿತ್ತು. ಬೇರೆ ಮೂರು ತಂಡಗಳದ್ದೂ ಅದೇ ಗತಿ. ಆವರೆಗೆ ನಾವು ದೊಡ್ಡ ತಂಡಗಳೆಂದು ಬೀಗುತ್ತಿದ್ದದ್ದೆಲ್ಲ ಹಳ್ಳಿಗಳಿಂದ ಎತ್ತಿಕೊಂಡು ಬಂದ ಕಾಲುಗಳೇ ಎಂಬುದು ಅವತ್ತು ಎಲ್ಲರಿಗೂ ಕಾಣುವಂತೆ ಮೈದಾನದ ಮೇಲೆ ಹರಡಿತ್ತು.

ಗೌಸ್ ಪೀರ್ ಕೊನೆಯ ಆಸೆ ಹಿಡಿದರು. "ಆಯ್ತು ಮೇಷ್ಟ್ರೇ, ಅವರೆಲ್ಲ ಸಾದಲಿಯೋರೇ ಇರ್ಲಿ. ಆದ್ರೆ ಸಾದಲಿ ಲೀಗಲ್ಲೇ ಇಲ್ವಲ್ಲ!"

ಮೇಷ್ಟ್ರು ಪೋಸ್ಟರನ್ನು ಕಣ್ಣಿಗೆ ಹತ್ತಿರ ಹಿಡಿದರು. "ನಿಯಮ ಹದಿನೇಳು. ಮೈದಾನದಲ್ಲಿ ಜಾಗ ಖಾಲಿ ಇರುವವರೆಗೆ ಯಾವ ಊರಿನಿಂದ ಬಂದ ತಂಡವನ್ನೂ ಬಾಗಿಲಲ್ಲಿ ತಡೆಯತಕ್ಕದ್ದಲ್ಲ. ಬಂದವರನ್ನು ಬಂದ ಕ್ರಮದಲ್ಲಿ ಒಳಗೆ ಬಿಡತಕ್ಕದ್ದು."

ಅದನ್ನು ಕೇಳಿದ್ದೇ ಜಾನಕಮ್ಮ ಬಟ್ಟೆಗಂಟು ಬಿಚ್ಚಿದರು. ಒಳಗೆ ಸಾದಲಿಯ ಹನ್ನೊಂದು ಹಳದಿ ಬನಿಯನ್ನುಗಳು, ಒಗೆದು ಇಸ್ತ್ರಿ ಮಾಡಿದವು. ಹುಸೇನ್ ಸಾಬರು ಮೊದಲನೆಯದನ್ನು ಕಣ್ಣಿಗೊತ್ತಿಕೊಂಡು ತೊಟ್ಟುಕೊಂಡರು. ಜನ ಕೂಗಿದ ಕೂಗು ನಮ್ಮ ಮನೆಯಲ್ಲಿದ್ದ ಪದ್ಮಮ್ಮನಿಗೂ ಕೇಳಿಸಿತಂತೆ.

"ಇದಕ್ಕೆ ನಾನು ಒಪ್ಪಲ್ಲ!" ಎಂದು ಗೌಸ್ ಪೀರ್ ಕಿರುಚಿದರು.

"ನಿಯಮ ಇಪ್ಪತ್ತನಾಲ್ಕು" ಎಂದರು ಮೇಷ್ಟ್ರು. "ಒಮ್ಮೆ ಸಹಿ ಹಾಕಿದ ಮೇಲೆ ಹಿಂದಕ್ಕೆ ಪಡೆಯುವಂತಿಲ್ಲ. ರೆಫರಿಯವರ ತೀರ್ಮಾನವೇ ಅಂತಿಮ. ಅಧ್ಯಕ್ಷರೇ, ನೀವು ಬೆಳೆದದ್ದು ಶಿಡ್ಲಘಟ್ಟದಲ್ಲೇ ಅಲ್ವಾ? ನಿಮ್ಮ ಟೀಮಿಗೆ ಎಂಟು ಜನ ಕಮ್ಮಿ ಇದಾರೆ."

ಹೀಗೆ ಸಾದಲಿಯ ಎದುರು ಆಡಲು ನಮ್ಮೂರಿನ ತಂಡ ಸಿದ್ಧವಾಯಿತು. ಕಲೆಯ ಷರಟು ಬಿಚ್ಚಿ ಗೌಸ್ ಪೀರ್ ಇಳಿದರು. ಟೀ ಸೋಸುವ ಬಟ್ಟೆ ಹೆಗಲ ಮೇಲೆ ಹಾಗೇ ಇದ್ದ ಪಾಷಾ ಇಳಿದರು. ಎಡಬೆಂಚು ಬಲಬೆಂಚುಗಳಿಂದ ಐದು ಜನ ಇಳಿದರು. ಹತ್ತಾಯಿತು. ಗೋಲ್ ಕಂಬಗಳ ನಡುವೆ ಮಾತ್ರ ಯಾರೂ ಇರಲಿಲ್ಲ.

"ಎಲ್ಲ ತಿಳ್ದೋರು ಅಲ್ಲಿದಾರಲ್ಲ" ಎಂದರು ಪಾಷಾ, ಬಾಗಿಲ ಕಡೆ ಕೈ ತೋರಿಸಿ.

ಯೋಗನರಸಿಂಹ ಪಂಚೆಯನ್ನು ಕಚ್ಚೆ ಕಟ್ಟಿ, ಬ್ಯಾಡ್ಜು ಬಿಚ್ಚಲು ಮರೆತು, ಗೋಲಿನಲ್ಲಿ ನಿಂತ. ಮೊದಲ ಆರು 'ಗೋಲು'ಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವನೂ ಕಣ್ಣು ಮುಚ್ಚಿಕೊಂಡಿದ್ದರಿಂದ ಅವನಿಗೂ ಗೊತ್ತಿಲ್ಲ. ಆಟ ಮುಗಿಯುವುದಕ್ಕೆ ಎರಡು ನಿಮಿಷವಿರುವಾಗ ಚೆಂಡು ತಾನಾಗಿ ಉರುಳಿಕೊಂಡು ಬಂದು ಅವನ ಕಾಲ ಬಳಿ ನಿಂತಿತು. ಸುತ್ತ ಯಾರೂ ಇರಲಿಲ್ಲ. "ಒದಿಯೋ ಯೋಗಾ!" ಎಂದು ನಾನೇ ಕೂಗಿದೆ. ಅವನು ಒಂದು ಸಲ ಜಾನಕಮ್ಮನ ಕಡೆ ನೋಡಿದ. ಅವರು ಮೂರು ವಾರದಲ್ಲಿ ಮೊದಲ ಸಲ ಅವನ ಕಡೆ ನೋಡುತ್ತಿದ್ದರು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಸುತ್ತಿ ತಿರುಗಿ, ಜೀವಮಾನದ ಮೊದಲ ಚೆಂಡನ್ನು ಒದ್ದ. ಅದು ಬಾಣದಂತೆ ಹೋಗಿ ನಮ್ಮದೇ ಗೋಲಿನೊಳಗೆ ಬಿತ್ತು. ಸಾದಲಿಗೆ ಏಳು. ಅಂಥ ಸೊಗಸಾದ ಗೋಲನ್ನು ಆ ಮೈದಾನದಲ್ಲಿ ಅಲ್ಲಿಯವರೆಗೆ ಯಾರೂ ಹೊಡೆದಿರಲಿಲ್ಲ.

ಮೇಷ್ಟ್ರು ಸೀಟಿ ಊದಿ, ಬಂದು ಅಳಿಯನ ಬೆನ್ನು ತಟ್ಟಿದರು. "ಅಳಿಯಂದ್ರೇ, ನೀವು ನಮ್ಮೋರು ಅಂತ ಗೊತ್ತಾಯ್ತು. ಆ ಹದಿನೇಳನೇ ನಿಯಮ ಬರೆಯೋಕೆ ದೊಡ್ಡ ಮನಸ್ಸು ಬೇಕು."

ಪಂದ್ಯ ಮುಗಿದ ಮಧ್ಯಾಹ್ನವೇ ಪಾಷಾ ಅಂಗಡಿಯಲ್ಲಿ ಯೋಗನರಸಿಂಹ ಕಂಬಕ್ಕೆ ಒರಗಿ ನಿಂತು, ಎಲ್ಲವೂ ತಾನು ಮೊದಲೇ ಹಾಕಿದ್ದ ಪ್ಲಾನೆಂದೂ, ಹಳ್ಳಿಗಳ ಪರವಾಗಿ ಒಳಗಿದ್ದುಕೊಂಡೇ ಹೋರಾಡಿದೆನೆಂದೂ ವಿವರಿಸಿದ. ಎರಡು ಬೆಂಚಿನವರೂ ನಂಬಿದರು. ಏಳು ಗೋಲು ತಿಂದು ಮೈಕೈ ನೋವಿನಲ್ಲಿದ್ದ ಗೌಸ್ ಪೀರ್ ಸಾಬರೂ "ಆಟ ಮಾತ್ರ ಮಜಾ ಇತ್ತು" ಎಂದು ಒಪ್ಪಿಕೊಂಡು, ಮುಂದಿನ ವರ್ಷ ಎಲ್ಲರನ್ನೂ ಕರೆಯಿರಿ ಎಂದರು.

ಅದೇ ಸಂಜೆ ಗೋಡೆಯಾಚೆ ಒಗ್ಗರಣೆಯ ಸದ್ದಿನ ನಡುವೆ ಜಾನಕಮ್ಮನ ಮಾತು ಕೇಳಿಸಿತು.

"ರೀ, ಮಧ್ಯಾಹ್ನ ಇನ್‌ಸ್ಟಿಟ್ಯೂಟಲ್ಲಿ ನಿಮ್ಮ ಡ್ರಾಯರು ಗುಡಿಸ್ತಿದ್ದೆ. ಈ ಕಾರ್ಬನ್ ಕಾಪಿ ಸಿಕ್ತು. ಹದಿನೇಳನೇದು ಓದ್ಲಾ?"

ಅವನು ಸಣ್ಣ ಧ್ವನಿಯಲ್ಲಿ "ಮಾವಂಗೆ ಹೇಳ್ಬಿಟ್ಯಾ?" ಎಂದ.

"ನಮ್ಮಪ್ಪನೂ ಸ್ಕೂಲ್ ಕೆಲಸದ ಜೊತೇಲೇ ಮೂವತ್ತು ವರ್ಷ ಹುಳ ಸಾಕಿದೋರೇ ರೀ. ನಾಲ್ಕನೇದು ಓದ್ತಿದ್ದಂಗೇ ಅವರಿಗೆ ಗೊತ್ತಾಗಿತ್ತು."

"ಮತ್ತೆ... ಬೆನ್ನು ತಟ್ಟಿದ್ರಲ್ಲ?"

"ಮಗಳು ವಾಪಸ್ ಬರ್ಬೇಕಲ್ಲ, ಅದಕ್ಕೆ."

"ಹಾಗಾದ್ರೆ ಅದನ್ನ ಒಲೆಗೆ ಹಾಕ್ಬಿಡು ಜಾನು."

"ಊಹೂಂ. ನನ್ನ ಟ್ರಂಕಲ್ಲಿ ಇಟ್ಕೋತೀನಿ. ನೀವು ಇನ್ಯಾವತ್ತಾದ್ರೂ ಬಾಗಿಲು ಹಾಕೋಕೆ ಹೋದ್ರೆ ಬೇಕಾಗತ್ತೆ. ಏಳಿ, ಕೈ ತೊಳ್ಕೊಳ್ಳಿ, ಹುಳಿ ಬಿಸಿಯಾಗಿದೆ."

ತಟ್ಟೆ ಇಟ್ಟ ಸದ್ದು ಕೇಳಿಸಿತು. ನನ್ನ ಹೆಂಡತಿ ಅಂದು ಮೂರು ವಾರದ ಮೇಲೆ ಮೊದಲ ಸಲ ನಮ್ಮಿಬ್ಬರಿಗಷ್ಟೇ ಅಕ್ಕಿ ಅಳೆದು ಹಾಕಿದಳು.